ಇಂಟರ್ನ್‌ಶಿಪ್‌ನಲ್ಲಿ ಕೂಡಿ ದುಡಿಯಲು, ಬದಲಾವಣೆಗೆ ಒಗ್ಗಿಕೊಳ್ಳಲು ಕಲಿಯುವ ಬಗೆ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಇಂಟರ್ನ್‌ಶಿಪ್ ಮುಗಿಸಿ ಬಂದ ವಿದ್ಯಾರ್ಥಿಗಳ ವರದಿಗಳನ್ನು ಓದಿ ಅಂಕ ಹಾಕುವುದು ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದ ಕೆಲಸಗಳಲ್ಲೊಂದು. ಆ ವರದಿಗಳ ಕೊನೆಯ ಪುಟದಲ್ಲಿ ‘ತಂಡದಲ್ಲಿ ದುಡಿಯಲು ಕಲಿತೆ, ಹೊಂದಿಕೊಳ್ಳುವ ಗುಣ ಬೆಳೆಯಿತು’ ಎಂಬ ವಾಕ್ಯ ತಪ್ಪದೆ ಇರುತ್ತದೆ. ಯಾವ ದಿನ, ಯಾವ ಕೆಲಸದಲ್ಲಿ, ಯಾರ ಜತೆಯಲ್ಲಿ ಕಲಿತಿರಿ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದೊಡನೆ ಹೆಚ್ಚಿನವರು ನೆಲ ನೋಡುತ್ತಾರೆ. ಅವರು ಸುಳ್ಳು ಬರೆದಿದ್ದಾರೆಂದು ನಾನು ಹೇಳಲಾರೆ. ಎಲ್ಲಿ ಕಣ್ಣಿಟ್ಟರೆ ಇದನ್ನು ಕಲಿಯಬಹುದು ಎಂಬುದನ್ನು ಯಾರೂ ಅವರಿಗೆ ಮೊದಲೇ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೆ. ನನ್ನ ಅನುಭವದಲ್ಲಿ ಈ ಗುಣಗಳನ್ನು ಕಲಿಯಲು ಸಿಗುವ ಹೊತ್ತು ಎರಡೇ: ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹೊತ್ತು, ಮತ್ತು ನಿನ್ನೆ ನಿಶ್ಚಯಿಸಿದ್ದು ಇಂದು ಬದಲಾಗುವ ಹೊತ್ತು. ಆ ಎರಡು ಹೊತ್ತುಗಳಲ್ಲಿ ಏನು ಮಾಡಬೇಕೆಂಬುದನ್ನು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಗಂಟೆಗಳನ್ನೂ ಬಸ್ಸನ್ನೂ ಮೊದಲೇ ಲೆಕ್ಕ ಹಾಕಿ

ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷಗಳ ಪದವಿ ಆರಂಭವಾದ ಬಳಿಕ ನಮ್ಮ ಕಡೆಯ ಕಾಲೇಜುಗಳಲ್ಲಿಯೂ ಇಂಟರ್ನ್‌ಶಿಪ್ ಪಠ್ಯಕ್ರಮದ ಒಳಗೇ ಸೇರಿಕೊಂಡಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2024ರ ಮಾರ್ಗಸೂಚಿಯಂತೆ ಒಂದು ಕ್ರೆಡಿಟ್‌ಗೆ 30 ಗಂಟೆ; ನಾಲ್ಕನೆಯ ಸೆಮಿಸ್ಟರಿನ ಬಳಿಕ 60ರಿಂದ 120 ಗಂಟೆ. ನಿಮ್ಮ ವಿಭಾಗಕ್ಕೆ ಎಷ್ಟು ಗಂಟೆ ಎಂಬುದನ್ನು ಪಠ್ಯಕ್ರಮದ ಪ್ರತಿಯಲ್ಲಿಯೇ ನೋಡಿಕೊಳ್ಳಿ, ಹಿರಿಯ ವಿದ್ಯಾರ್ಥಿಗಳ ಬಾಯಿಮಾತನ್ನು ನಂಬಬೇಡಿ. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಸಿಗುವುದು ಹತ್ತರಿಂದ ಇಪ್ಪತ್ತು ದಿನ ಮಾತ್ರ. ಕುರ್ಚಿ ಎಲ್ಲಿದೆ, ಚಹಾ ಎಷ್ಟು ಗಂಟೆಗೆ ಎಂದು ತಿಳಿಯುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ. ಇಷ್ಟು ಕಡಿಮೆ ಸಮಯದಲ್ಲಿ ಕೂಡಿ ದುಡಿಯುವುದು ತಾನಾಗಿ ಬಂದೀತೆಂದು ಕಾಯುತ್ತ ಕೂರಲಾಗದು.

ಹೊರಡುವ ಮೊದಲು ಒಂದು ಹಾಳೆಯನ್ನು ಎರಡಾಗಿ ಮಡಚಿ. ಎಡಕ್ಕೆ ನಿಮ್ಮಿಂದ ಬದಲಿಸಲಾಗದ ಸಂಗತಿಗಳನ್ನು ಬರೆಯಿರಿ: ಆಂತರಿಕ ಪರೀಕ್ಷೆಯ ದಿನಗಳು, ಪೆರ್ಲಕ್ಕೋ ಮುಳ್ಳೇರಿಯಕ್ಕೋ ಹೋಗುವ ಕೊನೆಯ ಬಸ್ಸಿನ ಹೊತ್ತು, ಔಷಧ ತೆಗೆದುಕೊಳ್ಳುವ ವೇಳೆ, ಮನೆಯಲ್ಲಿ ನೀವೇ ಇರಬೇಕಾದ ದಿನ. ಬಲಕ್ಕೆ ಬದಲಿಸಬಹುದಾದವನ್ನು ಬರೆಯಿರಿ: ಯಾವ ವಿಭಾಗ, ಯಾವ ಕೆಲಸ, ಶನಿವಾರವೇ ಸೋಮವಾರವೇ, ಊಟದ ಹೊತ್ತು. ಈ ಹಾಳೆಯ ಎಡಭಾಗವನ್ನು ಮೊದಲ ದಿನವೇ ಮೇಲ್ವಿಚಾರಕರಿಗೆ ಹೇಳಿಬಿಡಬೇಕು. ಕೊನೆಯ ಬಸ್ಸು ಐದೂಮುಕ್ಕಾಲಕ್ಕೆ ಎಂದು ಮೊದಲ ದಿನ ಹೇಳಿದರೆ ಅದು ಮಾಹಿತಿ. ಎಂಟನೆಯ ದಿನ ಐದೂವರೆಗೆ, ಎಲ್ಲರೂ ಲೆಕ್ಕ ತಾಳೆ ನೋಡುತ್ತಿರುವಾಗ ಹೇಳಿದರೆ ಅದು ಜಾರಿಕೊಳ್ಳುವ ನೆಪದಂತೆ ಕೇಳಿಸುತ್ತದೆ.

ಹಂತ 2: ಕೆಲಸ ಯಾರಿಂದ ಯಾರಿಗೆ ಹೋಗುತ್ತದೆಂದು ಗುರುತಿಸಿ

ಪಂಚಾಯತು ಕಚೇರಿ, ಸಹಕಾರಿ ಬ್ಯಾಂಕು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ), ಬದಿಯಡ್ಕದ ಕಡೆಯ ಹಾಳೆತಟ್ಟೆ ಘಟಕ, ತಲಪಾಡಿ ದಾಟಿ ಮಂಗಳೂರಿನ ಪತ್ರಿಕಾ ಕಚೇರಿ, ಹೀಗೆ ನೀವು ಎಲ್ಲಿಗೇ ಹೋಗಿ, ಮೊದಲ ಮೂರು ದಿನಗಳ ಕೆಲಸ ಒಂದೇ. ಅಲ್ಲಿನ ಒಂದು ಕೆಲಸವನ್ನು ಹಿಡಿದು, ಅದು ಎಲ್ಲಿ ಹುಟ್ಟಿ, ಯಾರ ಕೈಗಳನ್ನು ದಾಟಿ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಕೊನೆಯವರೆಗೆ ಹಿಂಬಾಲಿಸಬೇಕು. ಸಂಸ್ಥೆಯ ಗೋಡೆಯ ಮೇಲಿನ ಹುದ್ದೆಗಳ ಪಟ್ಟಿಯಿಂದ ಇದು ತಿಳಿಯುವುದಿಲ್ಲ.

ಹಾಳೆತಟ್ಟೆ ಘಟಕವನ್ನೇ ನೋಡಿ. ಒಣಗಿದ ಅಡಕೆಯ ಹಾಳೆಯನ್ನು ಒಬ್ಬರು ನೀರಲ್ಲಿ ನೆನೆಸುತ್ತಾರೆ, ಇನ್ನೊಬ್ಬರು ಉಜ್ಜಿ ತೊಳೆದು ನೀರು ಇಳಿಯಲು ನಿಲ್ಲಿಸುತ್ತಾರೆ, ಮತ್ತೊಬ್ಬರು ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಕೊನೆಗೊಬ್ಬರು ಆರಿಸಿ ಕಟ್ಟುತ್ತಾರೆ. ನೆನೆದದ್ದು ಸಾಲದಿದ್ದರೆ ಅಚ್ಚಿನಡಿಯಲ್ಲಿ ಹಾಳೆ ಸೀಳುತ್ತದೆ, ನೀರು ಇಳಿಯದಿದ್ದರೆ ತಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆದರೆ ಬೈಗುಳ ಬೀಳುವುದು ಅಚ್ಚಿನ ಮುಂದೆ ಕುಳಿತವರಿಗೆ, ಇಲ್ಲವೇ ಕಟ್ಟುವವರಿಗೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗೆ, ತನ್ನ ಮೇಜಿಗೆ ಬಂದ ಕೆಟ್ಟ ಕೆಲಸದ ಮೂಲವನ್ನು ಎರಡು ಮೇಜು ಹಿಂದೆ ಹುಡುಕಬೇಕೆಂದೂ, ತಾನು ಮಾಡಿದ ಅರೆಬರೆ ಕೆಲಸದ ಬೈಗುಳ ಎರಡು ಮೇಜು ಮುಂದೆ ಯಾರಿಗೋ ಬೀಳುತ್ತದೆಂದೂ ಬೇರೆ ಪಾಠ ಮಾಡಬೇಕಿಲ್ಲ.

ಮೂರನೆಯ ದಿನದ ಸಂಜೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲು ನಿಮಗೆ ಸಾಧ್ಯವಾಗಬೇಕು. ನನಗೆ ಕೆಲಸ ಕೊಡುವವರು ಯಾರು? ನಾನು ಮುಗಿಸಿದ್ದನ್ನು ಮೊದಲು ಬಳಸುವವರು ಯಾರು? ನಾನು ಒಂದು ದಿನ ತಡ ಮಾಡಿದರೆ ಕೈಕಟ್ಟಿ ಕುಳಿತುಕೊಳ್ಳಬೇಕಾದವರು ಯಾರು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ನಿಮಗೆ ನಿಜವಾದ ಕೆಲಸ ಇನ್ನೂ ಸಿಕ್ಕಿಲ್ಲವೆಂದು ತಿಳಿಯಿರಿ.

ಹಂತ 3: ಕೇಳಿಸಿದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ

ಇದು ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತವೆಂದು ನಾನು ತಿಳಿದಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ಭಾಷೆಗಳ ನೆಲವೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕೆಲಸದ ಮೇಜಿನ ಮೇಲೆ ಇದೇ ಹೆಮ್ಮೆ ಎಷ್ಟು ಎಡವಟ್ಟಿಗೆ ಕಾರಣವಾಗುತ್ತದೆಂಬುದನ್ನು ಯಾರೂ ಹೇಳುವುದಿಲ್ಲ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ, ಬಸ್ಸಿನಲ್ಲಿ ಟಿಕೆಟು ಕೇಳುವಷ್ಟು ಮಾತ್ರ ಮಲಯಾಳ ಬಲ್ಲವನಾಗಿ, ವಿದ್ಯಾರ್ಥಿಯಾಗಿದ್ದಾಗ ಒಂದು ಕಚೇರಿಗೆ ಮಾಹಿತಿ ದಾಖಲಿಸುವ ಕೆಲಸಕ್ಕೆ ಹೋಗಿದ್ದೆ. ನಾವು ಮೂವರು. ಒಂದು ಸಂಜೆ ಅಲ್ಲಿನ ಹಿರಿಯರು ಚೀಲ ಹೆಗಲಿಗೇರಿಸುತ್ತ ‘ನಾಳೆ ಅವಧಿಯಾಣ್’ ಎಂದು ನನಗೆ ಹೇಳಿ ಹೊರಟರು. ಕನ್ನಡದ ಕಿವಿಗೆ ಅವಧಿ ಎಂದರೆ ಗಡುವು. ನಾಳೆಗೆ ಗಡುವು ಮುಗಿಯುತ್ತದೆಂದು ನಾನು ಉಳಿದಿಬ್ಬರಿಗೂ ಹೇಳಿದೆ. ಮೂವರೂ ಹಾಳೆಗಳನ್ನು ಹಂಚಿಕೊಂಡು ಮನೆಗೊಯ್ದು, ರಾತ್ರಿ ಒಂದು ಗಂಟೆಯವರೆಗೆ ಬರೆದು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕೆಂಗಣ್ಣಿನಲ್ಲಿ ಬಂದು ನಿಂತರೆ ಬಾಗಿಲಿಗೆ ಬೀಗ. ಮಲಯಾಳದಲ್ಲಿ ಅವಧಿ ಎಂದರೆ ರಜೆ. ಗೆಳೆಯರಲ್ಲೊಬ್ಬ ಮೆಟ್ಟಿಲ ಮೇಲೆಯೇ ಕುಳಿತು ನಿದ್ದೆ ಹೋದ. ತಪ್ಪು ಆ ಹಿರಿಯರದ್ದಲ್ಲ, ಪೂರ್ತಿ ನನ್ನದು. ‘ಅಂದರೆ ನಾಳೆಯೊಳಗೆ ಮುಗಿಸಬೇಕಲ್ಲವೆ ಸರ್’ ಎಂದು ಒಂದೇ ಮಾತು ಮರಳಿ ಕೇಳಿದ್ದರೆ ಅವರು ನಕ್ಕು ತಿದ್ದುತ್ತಿದ್ದರು.

ಇಂಥ ಪದಗಳು ಒಂದೆರಡಲ್ಲ. ಕಚೇರಿಯಲ್ಲಿ ‘ಅಪೇಕ್ಷ’ ಎಂದರೆ ಆಸೆಯಲ್ಲ, ಅರ್ಜಿ. ‘ಅನುವಾದಂ ವೇಣಂ’ ಎಂದರೆ ಭಾಷಾಂತರ ಬೇಕೆಂದಲ್ಲ, ಅನುಮತಿ ಬೇಕೆಂದು. ‘ಅವಕಾಶಂ’ ಎಂದರೆ ಹಕ್ಕು, ‘ಪ್ರಸಂಗಂ’ ಎಂದರೆ ಭಾಷಣ, ‘ಸಂಸಾರಂ’ ಎಂದರೆ ಮಾತು. ಹೆಸರುಗಳ ಪಟ್ಟಿಯನ್ನು ನೀವು ಕೇಳುವಾಗಲೂ ಎಚ್ಚರವಿರಲಿ. ಮಲಯಾಳದಲ್ಲಿ ‘ಪಟ್ಟಿಕ’ ಪಟ್ಟಿ, ಬರೇ ‘ಪಟ್ಟಿ’ ನಾಯಿ. ತುಳುವಿನಲ್ಲಿ ‘ಇನಿ’ ಎಂದರೆ ಇಂದು, ಮಲಯಾಳದಲ್ಲಿ ‘ಇನಿ’ ಎಂದರೆ ಇನ್ನು ಮೇಲೆ. ಕೆಲಸ ಇಂದೇ ಆಗಬೇಕೋ ಮುಂದೆ ಆದರೆ ಸಾಕೋ ಎಂಬುದು ಹೇಳಿದವರ ಮನೆಮಾತನ್ನು ಹೊಂದಿಕೊಂಡಿರುತ್ತದೆ.

ಮಾಡಬೇಕಾದದ್ದು ಸುಲಭ. ಕೆಲಸ ಹೇಳಿದವರೆದುರು ಏನು, ಎಷ್ಟು, ಯಾವಾಗ, ಯಾರಿಗೆ ಎಂಬ ನಾಲ್ಕನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ಅಲ್ಲಿಂದ ಹೊರಡಿ. ‘ಸರಿ ಸರ್’, ‘ಆಯಿತು ಮೇಡಂ’ ಎಂಬ ಉತ್ತರಗಳಿಂದ ನಿಮಗೆ ಅರ್ಥವಾಗಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ವಿಮಾನ ಹಾರಿಸುವವರು ನಿಯಂತ್ರಣ ಗೋಪುರದಿಂದ ಬಂದ ಸೂಚನೆಯನ್ನು ಮರಳಿ ಓದಿ ಹೇಳುವುದು ಕಡ್ಡಾಯ. ಅವರಿಗಿಲ್ಲದ ನಾಚಿಕೆ ನಮಗೇಕೆ? ಜತೆಗೆ ಕಿಸೆಯಲ್ಲೊಂದು ಸಣ್ಣ ಪುಸ್ತಕವಿಟ್ಟು, ಅಲ್ಲಿನ ಪದಗಳನ್ನು ದಿನಕ್ಕೆ ಐದರಂತೆ ಅರ್ಥಸಹಿತ ಬರೆದುಕೊಳ್ಳಿ. ನಿಮ್ಮ ಕನ್ನಡವೂ ಆ ತಂಡಕ್ಕೆ ಬೇಕಾದದ್ದೇ ಎಂಬುದನ್ನು ಮರೆಯಬೇಡಿ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲಿಯೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಕನ್ನಡದ ಅರ್ಜಿಯೊಂದು ಓದುವವರಿಲ್ಲದೆ ಮೇಜಿನ ಮೇಲೆ ಬಿದ್ದಿರುವಾಗ ‘ನಾನು ಓದಿ ಹೇಳಲೇ’ ಎಂದು ಮುಂದೆ ಬಂದ ವಿದ್ಯಾರ್ಥಿನಿಯೊಬ್ಬಳನ್ನು ಆ ಕಚೇರಿಯವರು ಮಾರನೆಯ ದಿನದಿಂದ ಹೆಸರು ಹಿಡಿದು ಕರೆಯತೊಡಗಿದರು.

ಹಂತ 4: ಸಣ್ಣದಾದರೂ ಇಡಿಯಾಗಿ ನಿಮ್ಮದೆನಿಸುವ ಕೆಲಸವೊಂದನ್ನು ಕೇಳಿ ಪಡೆಯಿರಿ

ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಯಿಸಿ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಫಲಿತಾಂಶ ಹಗ್ಗಜಗ್ಗಾಟದ ಹುಚ್ಚಿರುವ ನಮ್ಮ ಊರಿಗೆ ಚೆನ್ನಾಗಿ ಹೊಂದುತ್ತದೆ. ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಪಾಲಿನ ಬಲ ಕುಗ್ಗುತ್ತ ಹೋಗಿ, ಎಂಟು ಮಂದಿ ಸೇರಿದಾಗ ಅದು ಒಬ್ಬಂಟಿಯಾಗಿ ಎಳೆಯುವಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರ ಜಗ್ಗು ಒಂದೇ ಕ್ಷಣಕ್ಕೆ ಸೇರದಿರುವುದು ಒಂದು ಕಾರಣ. ಇಷ್ಟು ಮಂದಿಯಲ್ಲಿ ನನ್ನ ಪಾಲು ಯಾರಿಗೆ ಕಾಣುತ್ತದೆಂಬ ಸಡಿಲಿಕೆ ಇನ್ನೊಂದು. ನಮ್ಮ ಹಗ್ಗಜಗ್ಗಾಟದ ತಂಡಗಳು ಪಕ್ಕದಲ್ಲೊಬ್ಬರನ್ನು ನಿಲ್ಲಿಸಿ ತಾಳಕ್ಕೆ ಸರಿಯಾಗಿ ಕೂಗಿಸುವುದು ಮೊದಲ ಕಾರಣಕ್ಕೆ ಮದ್ದು.

ಎರಡನೆಯದಕ್ಕೆ ಮದ್ದು ಹೆಸರು. ಐವರು ವಿದ್ಯಾರ್ಥಿಗಳು ಒಂದೇ ಸಂಸ್ಥೆಗೆ ಹೋದಾಗ ‘ನೀವೆಲ್ಲ ಸೇರಿ ಈ ಸಮೀಕ್ಷೆ ಮಾಡಿ’ ಎಂದು ಹೇಳಿಬಿಡುತ್ತಾರೆ. ಆಗ ಇಬ್ಬರು ದುಡಿಯುತ್ತಾರೆ, ಇಬ್ಬರು ಜತೆಗಿರುತ್ತಾರೆ, ಒಬ್ಬ ಫೋಟೋ ತೆಗೆಯುತ್ತಾನೆ. ಮೊದಲ ದಿನವೇ ಕುಳಿತು ಪ್ರಶ್ನಾವಳಿ ಯಾರದು, ಮನೆಭೇಟಿ ಯಾರದು, ತಾಳೆ ನೋಡುವುದು ಯಾರದು, ವರದಿ ಯಾರದು ಎಂದು ಹೆಸರಿನೊಂದಿಗೆ ಬರೆಯಿರಿ. ಪ್ರತಿ ಕೆಲಸದ ಮುಂದೆ ಒಂದೇ ಹೆಸರಿರಬೇಕು. ಎರಡು ಹೆಸರುಗಳಿದ್ದರೆ ಅದು ಯಾರದೂ ಅಲ್ಲವೆಂದೇ ಲೆಕ್ಕ. ನೆರವಿಗೆ ಎಷ್ಟು ಮಂದಿಯೂ ಇರಲಿ. ಇದು ಹೇಗೆ ನಡೆಯುತ್ತದೆಂದು ನೋಡಬೇಕಿದ್ದರೆ 1998ರಲ್ಲಿ ಆರಂಭವಾದ, ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕೂಟವೊಂದರ ವಾರದ ಸಭೆಗೆ, ಅನುಮತಿ ಕೇಳಿ, ಅರ್ಧ ಗಂಟೆ ಹೋಗಿ ಕುಳಿತುಕೊಳ್ಳಿ. ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು, ಯಾರ ಸಾಲದ ಕಂತು ಬಂತು, ಯಾರದು ಬಾಕಿ ಎಂದು ಪುಸ್ತಕ ಬಿಡಿಸಿ ಎಲ್ಲರೆದುರು ಓದುವ ಶಿಸ್ತು ನಮ್ಮ ಕಾಲೇಜಿನ ಅನೇಕ ಸಮಿತಿಗಳಿಗೆ ಇಲ್ಲ. (ನಾನಿರುವ ಸಮಿತಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ಹಂತ 5: ಕೆಲಸವನ್ನು ಒಪ್ಪಿಸುವಾಗ ಬಾಕಿಯನ್ನೂ ಒಪ್ಪಿಸಿ

ನೀವು ಪರೀಕ್ಷೆಗೆಂದು ಎರಡು ದಿನ ಬರುವುದಿಲ್ಲ. ಕೆಲಸ ಜತೆಗಾರರ ಕೈಗೆ ಹೋಗುತ್ತದೆ. ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ ಬರುವ ಸಂದೇಶ ಹೀಗಿರುತ್ತದೆ: ‘ಹೆಚ್ಚಿನದ್ದೆಲ್ಲ ಆಗಿದೆ, ಸ್ವಲ್ಪ ಬಾಕಿ ಇದೆ, ನೋಡಿಕೊಳ್ಳಿ.’ ಈ ಸ್ವಲ್ಪ ಎಂಬುದರಲ್ಲಿ ಒಂದು ದಿನದ ಕೆಲಸ ಅಡಗಿರುತ್ತದೆ. ಅದರ ಬದಲು ಹೀಗೆ ಬರೆಯಬಹುದು:

‘ನಾಲ್ಕನೆಯ ವಾರ್ಡಿನ 62 ಮನೆಗಳ ವಿವರ ದಾಖಲಾಗಿದೆ. 7 ಮನೆಗಳಿಗೆ ಬೀಗವಿತ್ತು, ಅವುಗಳ ಮನೆ ನಂಬರು ಕೊನೆಯ ಹಾಳೆಯಲ್ಲಿದೆ. 3 ಕಡೆ ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆಯಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ; ಊಹಿಸಿ ತುಂಬಬೇಡಿ, ವಾರ್ಡಿನ ಅಕ್ಕನವರಲ್ಲಿ ಕೇಳಿ. ಕಡತ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ನಾನು ನಾಡಿದ್ದು ಹತ್ತಕ್ಕೆ ಬರುತ್ತೇನೆ, ಅದರೊಳಗೆ ಸಂಜೆ ಐದರ ಮೇಲೆ ಫೋನು ಮಾಡಬಹುದು.’

ಇದರಲ್ಲಿ ಆದದ್ದು, ಆಗದ್ದು, ಸಂಶಯವಿರುವುದು, ವಸ್ತು ಇರುವ ಜಾಗ, ನೀವು ಸಿಗುವ ಹೊತ್ತು ಎಂಬ ಐದೂ ಇವೆ. ಸಂಶಯವಿರುವುದನ್ನು ಬರೆಯಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ, ಕೆಲಸ ಬಾರದವರೆಂದು ತಿಳಿದಾರೆಂದು ಅವರಿಗೆ ಅಳುಕು. ವಾಸ್ತವದಲ್ಲಿ ಕೆಲಸ ಪಡೆದವರಿಗೆ ಅತ್ಯಂತ ಉಪಯೋಗಕ್ಕೆ ಬರುವ ಸಾಲು ಅದೇ.

ಸಂದೇಶ ಕಳುಹಿಸಿದ ಮಾತ್ರಕ್ಕೆ ಕೆಲಸ ಒಪ್ಪಿಸಿದಂತಾಗಲಿಲ್ಲ. ಅವರು ಓದಿ, ‘ಸಿಕ್ಕಿತು, ಏಳು ಮನೆಗಳಿಗೆ ನಾಳೆ ನಾನೇ ಹೋಗುತ್ತೇನೆ’ ಎಂದು ಉತ್ತರಿಸಿದ ಮೇಲೆಯೇ ಅದು ನಿಮ್ಮ ಕೈ ಬಿಟ್ಟಂತೆ. ನೀಲಿ ಗೆರೆ ಬಂತೆಂಬುದು ಉತ್ತರವಲ್ಲ. ಬೆಟ್ಟದ ತಪ್ಪಲಿನ ಮನೆಗಳಲ್ಲಿ ನೆಟ್‌ವರ್ಕ್ ಬಾರದಿರುವುದು ಇಲ್ಲಿ ಮಾಮೂಲು, ಆದ್ದರಿಂದ ರಾತ್ರಿ ಎಂಟರೊಳಗೆ ಉತ್ತರವಿಲ್ಲದಿದ್ದರೆ ಫೋನು ಮಾಡಿ ಹೇಳಿಬಿಡಿ.

ಹಂತ 6: ಯೋಜನೆ ಬದಲಾದಾಗ ಯಾವುದು ಬದಲಾಗದೆಂದು ಮೊದಲು ಕೇಳಿ

ಒಗ್ಗಿಕೊಳ್ಳುವುದೆಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದೆಂಬ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಷ್ಟೇ ಅಲ್ಲ, ಕೆಲವು ಸಂಸ್ಥೆಗಳಲ್ಲಿಯೂ ಇದೆ. ಅಡಕೆ ತೋಟದಲ್ಲಿ ಮದ್ದು ಬಿಡುವುದನ್ನು ನೋಡಿದವರಿಗೆ ಇದರ ಸರಿಯಾದ ಅರ್ಥ ಗೊತ್ತು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಮರ ಹತ್ತುವವರೊಬ್ಬರು, ಪಂಪಿನ ಬಳಿ ಒಬ್ಬರು, ಮರದಿಂದ ಮರಕ್ಕೆ ಪೈಪು ಎಳೆದುಕೊಡುವವರೊಬ್ಬರು, ಡ್ರಮ್ಮಿನಲ್ಲಿ ಮದ್ದು ಕಲಸುವವರೊಬ್ಬರು ಬೇಕೇ ಬೇಕು. ಎರಡನೆಯ ಸಲದ ಮದ್ದು ಸರಿಯಾಗಿ ಆಟಿ ತಿಂಗಳ ಮಳೆಯ ನಡುವೆ ಬೀಳುತ್ತದೆ. ಬುಧವಾರವೆಂದು ನಿಶ್ಚಯಿಸಿದ್ದು ಶುಕ್ರವಾರಕ್ಕೆ ಹೋಗುತ್ತದೆ, ಶುಕ್ರವಾರವೂ ಸುರಿದರೆ ಭಾನುವಾರ ಬೆಳಗ್ಗೆ ಬಿಸಿಲು ಕಂಡೊಡನೆ ಫೋನುಗಳು ಓಡುತ್ತವೆ. ಹತ್ತುವವರು ಸಿಗದಿದ್ದರೆ ಪಕ್ಕದ ತೋಟದವರನ್ನು ಕರೆಯುತ್ತಾರೆ, ಊಟದ ಹೊತ್ತನ್ನು ಮುಂದಕ್ಕೆ ಹಾಕುತ್ತಾರೆ, ಮಧ್ಯಾಹ್ನ ಮೋಡ ಕಟ್ಟುವುದು ಕಂಡರೆ ತಗ್ಗಿನ ತೋಟವನ್ನು ಬಿಟ್ಟು ರೋಗ ಹೆಚ್ಚಿರುವ ಕಡೆಗೆ ಮೊದಲು ಹೋಗುತ್ತಾರೆ. ಇಷ್ಟೆಲ್ಲ ಬದಲಾದರೂ ಒಂದು ಕೆ.ಜಿ. ಮೈಲುತುತ್ತಿಗೆ (ತಾಮ್ರದ ಸಲ್ಫೇಟಿಗೆ) ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣ ಬದಲಾಗುವುದಿಲ್ಲ. ಎಷ್ಟೇ ಅವಸರವಿದ್ದರೂ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಿಯೇ ಮುಂದುವರಿಯುವುದು. ಒದ್ದೆ ಗೊನೆಗೆ ಮದ್ದು ಬಿಡುವುದಿಲ್ಲ.

ನಿಮ್ಮ ಇಂಟರ್ನ್‌ಶಿಪ್‌ನಲ್ಲಿಯೂ ಯೋಜನೆ ಬದಲಾಯಿತೆಂಬ ಸುದ್ದಿ ಬಂದೊಡನೆ ಈ ಕ್ರಮವನ್ನೇ ಹಿಡಿಯಿರಿ. ಬದಲಾಗದಿರುವುದು ಯಾವುದೆಂದು ಮೊದಲು ಕೇಳಿ: ಕೊನೆಯ ದಿನಾಂಕವೇ, ಮನೆಗಳ ಸಂಖ್ಯೆಯೇ, ಮಾಹಿತಿಯ ನಿಖರತೆಯೇ? ಬಳಿಕ, ಹೊಸ ಕೆಲಸಕ್ಕಾಗಿ ಹಳೆಯದರಲ್ಲಿ ಯಾವುದನ್ನು ಬಿಡಬೇಕೆಂದು ಕೇಳಿ. ‘ಇದನ್ನೂ ಮಾಡುತ್ತೇನೆ’ ಎನ್ನುವ ಬದಲು ‘ಇದನ್ನು ಇಂದು ಮಾಡಿದರೆ ಐದನೆಯ ವಾರ್ಡಿನ ದಾಖಲೆ ಗುರುವಾರಕ್ಕೆ ಹೋಗುತ್ತದೆ, ಅದು ಅಡ್ಡಿಯಿಲ್ಲವೆ ಮೇಡಂ?’ ಎಂದು ಕೇಳಿದರೆ ನಿರ್ಧಾರ ಮಾಡಬೇಕಾದವರು ಮಾಡುತ್ತಾರೆ. ಕೊನೆಗೆ, ಬದಲಾವಣೆ ಇನ್ನೂ ತಿಳಿಯದವರು ತಂಡದಲ್ಲಿ ಯಾರಿದ್ದಾರೆಂದು ಯೋಚಿಸಿ ಅವರಿಗೆ ನೀವೇ ತಿಳಿಸಿ. ಯೋಜನೆ ಬದಲಾದ ಸುದ್ದಿ ತಲುಪದೆ ಒಬ್ಬರು ಬಿಸಿಲಲ್ಲಿ ಹಳೆಯ ಜಾಗಕ್ಕೆ ಹೋಗಿ ಕಾದು ಬಂದ ದಿನ ತಂಡದಲ್ಲಿ ಹುಟ್ಟುವ ಮುನಿಸು ಒಂದು ವಾರ ಉಳಿಯುತ್ತದೆ.

ಮಳೆಗಾಲದಲ್ಲಿ ಇದಕ್ಕೊಂದು ಉಪಕ್ರಮ ಸೇರಿಸಿಕೊಳ್ಳಿ. 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಂಭವವಿದ್ದರೆ ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಡುತ್ತದೆ, ಜಿಲ್ಲಾಧಿಕಾರಿಗಳು ಸಾಮಾನ್ಯವಾಗಿ ಶಿಕ್ಷಣ ಸಂಸ್ಥೆಗಳಿಗೆ ರಜೆ ಸಾರುತ್ತಾರೆ. ಆದರೆ ಕಚೇರಿ ತೆರೆದಿರಬಹುದು. ನೀವು ವಿದ್ಯಾರ್ಥಿಯೆಂದು ರಜೆಯೇ, ಕೆಲಸಗಾರರಂತೆ ಹಾಜರಿಯೇ ಎಂಬುದನ್ನೂ, ಹರತಾಳದ ದಿನ ಏನು ಮಾಡಬೇಕೆಂಬುದನ್ನೂ ಮೋಡ ಕಟ್ಟುವ ಮೊದಲೇ ಕೇಳಿಟ್ಟುಕೊಳ್ಳಿ. ಆ ದಿನಗಳಿಗೆಂದು ಮನೆಯಲ್ಲಿಯೇ ಮಾಡಬಹುದಾದ ಒಂದು ಕೆಲಸವನ್ನು ತೆಗೆದಿರಿಸಿ.

ಹಂತ 7: ತಪ್ಪನ್ನು ಅದೇ ದಿನ ಹೇಳಿ

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಲ್ಲಿ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಚಿತ್ರವೆನಿಸುವ ಒಂದು ಸಂಗತಿಯಿದೆ: ಒಗ್ಗಟ್ಟಿನಿಂದ ದುಡಿಯುವ ದಾದಿಯರ ತಂಡಗಳಲ್ಲಿ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಮಾಡಿದ ತಪ್ಪನ್ನು ಬಚ್ಚಿಡುತ್ತಿರಲಿಲ್ಲವೆಂದು ಇದರ ಅರ್ಥ. ಬೈಯುವವರಿರುವಲ್ಲಿ ತಪ್ಪುಗಳು ಕಾಗದಕ್ಕೆ ಬರುವುದೇ ಇಲ್ಲ.

ನೀವು ತಪ್ಪು ಕಂಡೊಡನೆ ಮೂರು ವಾಕ್ಯಗಳಲ್ಲಿ ಹೇಳಿ: ಏನಾಯಿತು, ಯಾರ ಕೆಲಸಕ್ಕೆ ತಾಗಿತು, ಈಗ ಏನು ಮಾಡುತ್ತಿದ್ದೀರಿ. ‘ಸರ್, ನಿನ್ನೆ ಎರಡು ಕಾಲಂಗಳು ಅದಲುಬದಲಾಗಿವೆ. ಸಂಜೆ ಕಳುಹಿಸಿದ ಲೆಕ್ಕದಲ್ಲಿಯೂ ಅದೇ ತಪ್ಪಿದೆ. ಹನ್ನೊಂದರೊಳಗೆ ಸರಿಪಡಿಸಿ ಮರಳಿ ಕಳುಹಿಸುತ್ತೇನೆ.’ ಇದಕ್ಕೆ ಕಾರಣಗಳ ಸರಮಾಲೆ ಬೇಕಾಗಿಲ್ಲ, ಅಳುವುದೂ ಬೇಕಾಗಿಲ್ಲ. ಗೊತ್ತಿಲ್ಲದ್ದನ್ನು ಕೇಳುವುದಕ್ಕೂ ಒಂದು ಮಿತಿಯಿಟ್ಟುಕೊಳ್ಳಿ. ಹದಿನೈದು ನಿಮಿಷ ಸ್ವತಃ ಪ್ರಯತ್ನಿಸಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬುದನ್ನು ತೋರಿಸಿ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ. ಎರಡು ಗಂಟೆ ಸುಮ್ಮನೆ ಕುಳಿತು ಊಟದ ಹೊತ್ತಿಗೆ ಕೇಳಿದರೆ ಯಾರಿಗಾದರೂ ಬೇಸರವಾಗುತ್ತದೆ.

ಹಂತ 8: ಮುನಿಸು ಬಂದರೆ ಕೆಲಸದ ಹೆಸರು ಹಿಡಿದು ಮಾತಾಡಿ

ಬ್ರೂಸ್ ಟಕ್‌ಮನ್ ಎಂಬ ಮನೋವಿಜ್ಞಾನಿ 1965ರಲ್ಲಿ ತಂಡಗಳು ಕೂಡುವ, ಕಿತ್ತಾಡುವ, ಕ್ರಮಕ್ಕೆ ಬರುವ, ದುಡಿಯುವ ನಾಲ್ಕು ಹಂತಗಳನ್ನು ಗುರುತಿಸಿದರು. ಎರಡನೆಯದು ಬಂತೆಂದು ಗಾಬರಿಯಾಗಬೇಕಿಲ್ಲ. ‘ನೀನು ಯಾವಾಗಲೂ ತಡ’ ಎಂಬ ಮಾತಿಗೆ ಜಗಳವಲ್ಲದೆ ಬೇರೆ ಉತ್ತರವಿಲ್ಲ. ‘ಮಂಗಳವಾರದ ಹಾಳೆಗಳು ಬುಧವಾರ ಸಂಜೆ ಬಂದವು, ಅದರಿಂದ ತಾಳೆ ನೋಡಲಾಗಲಿಲ್ಲ’ ಎಂಬುದಕ್ಕೆ ಉತ್ತರವಿದೆ. ಗುಂಪಿನಲ್ಲಿ ಬರೆಯದೆ ಎದುರೆದುರು ಹೇಳಿ.

ಹಂತ 9: ಎಲ್ಲಿ ಒಗ್ಗಬಾರದೆಂಬುದನ್ನೂ ತಿಳಿದಿರಿ

ಹಾಳೆ ಜೆರಾಕ್ಸ್ ಮಾಡುವುದು, ಕುರ್ಚಿ ಸಾಲಾಗಿ ಇಡುವುದು, ಬಂದವರಿಗೆ ನೀರು ಕೊಡುವುದು ತಂಡದ ಕೆಲಸವೇ. ಎಲ್ಲರೂ ಮಾಡುವುದಾದರೆ ನೀವೂ ಸಂತೋಷದಿಂದ ಮಾಡಿ. ಆದರೆ ಐದು ದಿನ ಕಳೆದರೂ ಅದೊಂದೇ ಕೆಲಸವಿದ್ದರೆ, ಅಥವಾ ಹೆಣ್ಣುಮಕ್ಕಳಿಗೆ ಮಾತ್ರ ಚಹಾದ ಲೋಟ ತೊಳೆಯುವ ಪಾಳಿ ಬಂದರೆ, ಕಾಲೇಜಿನ ಸಂಯೋಜಕರಿಗೆ ತಿಳಿಸುವುದು ಹೊಂದಾಣಿಕೆಯ ಕೊರತೆಯಲ್ಲ. ಮಾಡದ ಮನೆಭೇಟಿಯನ್ನು ಮಾಡಿದಂತೆ ಬರೆಯಲು, ಬೇರೆಯವರ ಸಹಿ ಹಾಕಲು, ಯಾರದೋ ಆಧಾರ್ ವಿವರವನ್ನು ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಲು ಹೇಳಿದರೆ ಒಪ್ಪಬೇಡಿ. ‘ಇದನ್ನು ನಾನು ಮಾಡಲಾರೆ ಸರ್, ಬಾಕಿ ಉಳಿದ ಮನೆಗಳಿಗೆ ನಾಳೆ ಹೋಗಿಬರುತ್ತೇನೆ’ ಎಂದು ಶಾಂತವಾಗಿ ಬೇರೆ ದಾರಿಯೊಂದನ್ನು ತೋರಿಸಿ ನಿರಾಕರಿಸಬಹುದು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು; ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕೆಂಬುದನ್ನು ನೆನಪಿನಲ್ಲಿಡಿ.

ಹಂತ 10: ದಿನಚರಿಯನ್ನು ಅಂದಂದೇ ಬರೆಯಿರಿ

ಬಸ್ಸಿನಲ್ಲಿ ಮರಳುವಾಗ ಹತ್ತು ನಿಮಿಷ ಸಾಕು. ಇಂದು ಯಾರಿಂದ ಏನು ಪಡೆದೆ, ಯಾರಿಗೆ ಏನು ಕೊಟ್ಟೆ, ಏನು ಬದಲಾಯಿತು, ಆಗ ನಾನೇನು ಮಾಡಿದೆ ಎಂಬ ನಾಲ್ಕು ಸಾಲು. ‘ಸಮೀಕ್ಷೆಯಲ್ಲಿ ಭಾಗವಹಿಸಿದೆ’ ಎಂದು ಬರೆದವರಿಗಿಂತ ‘ಮಳೆಯಿಂದ ರಸ್ತೆ ಮುಚ್ಚಿದ್ದರಿಂದ ಎರಡನೆಯ ವಾರ್ಡನ್ನು ಬಿಟ್ಟು ಆರನೆಯದಕ್ಕೆ ಹೋದೆವು; ಅಲ್ಲಿ ಮಲಯಾಳ ಬಲ್ಲ ಜತೆಗಾರ್ತಿ ಮಾತಾಡಿದಳು, ನಾನು ಬರೆದುಕೊಂಡೆ’ ಎಂದು ಬರೆದವರಿಗೆ ಮೌಖಿಕ ಪರೀಕ್ಷೆಯಲ್ಲಿ ಹೇಳಲು ವಿಷಯವಿರುತ್ತದೆ, ಮುಂದೆ ಉದ್ಯೋಗದ ಸಂದರ್ಶನದಲ್ಲಿಯೂ ಇರುತ್ತದೆ. ತಂಡದ ಕೆಲಸದಲ್ಲಿ ನಿಮ್ಮ ಪಾಲೆಷ್ಟೋ ಅಷ್ಟನ್ನೇ ಬರೆಯಿರಿ. ಐವರ ವರದಿಗಳಲ್ಲಿ ಒಂದೇ ಸಮೀಕ್ಷೆಗೆ ಐವರು ನಾಯಕರಿರುವುದನ್ನು ನಾನು ಓದಿದ್ದೇನೆ.

ಕೊನೆಯ ದಿನ ಐದನೆಯ ಹಂತದಲ್ಲಿ ಹೇಳಿದಂತೆ ಬಾಕಿಯ ವಿವರವನ್ನು ಬರಹದಲ್ಲಿ ಒಪ್ಪಿಸಿ, ಪದಗಳ ಪುಸ್ತಕದ ಒಂದು ಪ್ರತಿಯನ್ನು ಮುಂದೆ ಬರುವ ವಿದ್ಯಾರ್ಥಿಗೆಂದು ಕೊಟ್ಟು ಬನ್ನಿ. ಪ್ರಮಾಣಪತ್ರದಲ್ಲಿ ಆರಂಭದ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆಗಳು, ಸಂಸ್ಥೆಯ ಮೊಹರು ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಅದಕ್ಕಾಗಿ ಎರಡು ದಿನ ಮೊದಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ಸಹಿ ಹಾಕಬೇಕಾದವರಿಗೆ ಅಂದು ಅವಧಿ ಇರಬಹುದು. ಈ ಪದವನ್ನು ನಾನಿಲ್ಲಿ ಮಲಯಾಳದ ಅರ್ಥದಲ್ಲಿಯೇ ಬಳಸಿದ್ದೇನೆ.